ಯಾವ ಮಣ್ಣಿನ ಗೋಧಿ?

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್, ಗಜಾನನ ಮಹಾರಾಜರ ದರ್ಶನಕ್ಕೆ ಹೋಗಿಬರುವವರಿಗೆಲ್ಲ ಪರಿಚಿತ ಊರು. 2024ರ ಡಿಸೆಂಬರ್ ಕೊನೆಯಿಂದ 2025ರ ಜನವರಿಯವರೆಗೆ ಆ ತಾಲ್ಲೂಕಿನ ಹಳ್ಳಿಗಳು ಬೇರೆಯದೇ ಕಾರಣಕ್ಕೆ ಸುದ್ದಿಯಲ್ಲಿದ್ದವು. ಅಲ್ಲಿನ ಜನರಿಗೆ ಮೊದಲು ತಲೆ ತುರಿಸುತ್ತಿತ್ತು. ಆಮೇಲೆ ಬಾಚಣಿಗೆ ಹಾಕಿದರೆ ಕೂದಲು ಹಿಡಿಹಿಡಿಯಾಗಿ ಕಿತ್ತು ಬರುತ್ತಿತ್ತು. ಮೂರ್ನಾಲ್ಕು ದಿನಗಳಲ್ಲಿ ತಲೆ ಬೋಳಾಗುತ್ತಿತ್ತು. ಮಕ್ಕಳು, ಹೆಂಗಸರು, ಗಂಡಸರು ಯಾರನ್ನೂ ಅದು ಬಿಡಲಿಲ್ಲ. 18 ಹಳ್ಳಿಗಳಲ್ಲಿ 279 ಜನ ಹೀಗೆ ಕೂದಲು ಕಳೆದುಕೊಂಡರು. ಓದುವ ಹುಡುಗಿಯರು ಕಾಲೇಜು ಬಿಟ್ಟು ಮನೆಯಲ್ಲೇ ಕೂತರು. ಊರಿನವರೊಡನೆ ಬೆರೆಯಲು ಅಕ್ಕಪಕ್ಕದ ಊರಿನವರು ಅಂಜಿದರು.

ಅನುಮಾನ ಮೊದಲು ಬಿದ್ದದ್ದು ನೀರಿನ ಮೇಲೆ. ಅದು ಉಪ್ಪುನೀರಿನ ಸೀಮೆ. ಬಾವಿಗಳಲ್ಲಿ ನೈಟ್ರೇಟ್ ಕೂಡ ಹೆಚ್ಚಿತ್ತು. ಕೆಲವರು ಶ್ಯಾಂಪೂ ಎಂದರು, ಕೆಲವರು ಶಿಲೀಂಧ್ರ ಎಂದರು. ಹಿಮ್ಮತ್‌ರಾವ್ ಬಾವಸ್ಕರ್ ಮಾತ್ರ ಹಿಟ್ಟಿನ ಡಬ್ಬಿಯ ಕಡೆ ನೋಡಿದರು. ಮಹಾಡ್‌ನಲ್ಲಿ ಕೂತು ಚೇಳು ಕಡಿತಕ್ಕೆ ಜೀವ ಉಳಿಸುವ ಚಿಕಿತ್ಸೆಯನ್ನು ಜಗತ್ತಿಗೆ ತೋರಿಸಿಕೊಟ್ಟ ವೈದ್ಯರು ಅವರು. ಬುಲ್ಢಾಣಾದ ಆ ಮನೆಗಳು ತಿನ್ನುತ್ತಿದ್ದದ್ದು ಪಡಿತರ ಅಂಗಡಿಯ ಗೋಧಿ. ಅದು ಪಂಜಾಬ್, ಹರಿಯಾಣದ ಕಡೆಯಿಂದ ಬಂದದ್ದು. ಆ ಗೋಧಿಯನ್ನು ಪರೀಕ್ಷೆಗೆ ಕಳಿಸಿದಾಗ ಕಿಲೋಗೆ 14.52 ಮಿಲಿಗ್ರಾಂ ಸೆಲೆನಿಯಂ ಸಿಕ್ಕಿತು ಎಂದು ಅವರು ಹೇಳಿದರು. ತೊಳೆದು ನೋಡಿದರೂ 13.61. ಅಂದರೆ ಅದು ಮೇಲೆ ಅಂಟಿದ ಧೂಳಲ್ಲ, ಯಾರೋ ಸಿಂಪಡಿಸಿದ ಔಷಧಿಯೂ ಅಲ್ಲ. ಕಾಳಿನ ಒಳಗೇ ಇತ್ತು. ಆ ಊರಿನ ಹೊಲದಲ್ಲೇ ಬೆಳೆದ ಗೋಧಿಗಿಂತ ಅದು ಸುಮಾರು 600 ಪಟ್ಟು ಹೆಚ್ಚು ಎಂಬುದು ಅವರ ಲೆಕ್ಕ.

ಈ ಅಂಕಿಯನ್ನು ತಟ್ಟೆಗೆ ತಂದು ನೋಡೋಣ. ದುಡಿಯುವ ಮನುಷ್ಯ ದಿನಕ್ಕೆ 300 ಗ್ರಾಂ ಹಿಟ್ಟಿನ ಚಪಾತಿ ತಿಂದರೆ ಅಂಥ ಗೋಧಿಯಿಂದ ದೇಹಕ್ಕೆ ಹೋಗುವ ಸೆಲೆನಿಯಂ 4,300 ಮೈಕ್ರೊಗ್ರಾಂ ದಾಟುತ್ತದೆ. ಬೆಳೆದವರಿಗೆ ದಿನಕ್ಕೆ 40 ಮೈಕ್ರೊಗ್ರಾಂ ಸಾಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಅಮೆರಿಕದವರು 55 ಎನ್ನುತ್ತಾರೆ. 400 ದಾಟಬಾರದು ಎಂದೂ ಹೇಳುತ್ತಾರೆ. ಬೇಕಾದದ್ದಕ್ಕೂ ಬೇಡದ್ದಕ್ಕೂ ನಡುವೆ ಇಷ್ಟು ಇಕ್ಕಟ್ಟಿನ ದಾರಿಯಿರುವ ಪೋಷಕಾಂಶಗಳು ಕಡಿಮೆ. ಹತ್ತು ಪಟ್ಟು ಹೆಚ್ಚಾದರೆ ಗಡಿ ಮುಟ್ಟಿದಂತೆ, ನೂರು ಪಟ್ಟಾದರೆ ಕೂದಲು ಉಗುರು ಉದುರಿದಂತೆ.

ಹಾಗಾದರೆ ಗೋಧಿಯಲ್ಲಿ ಸೆಲೆನಿಯಂ ಎಷ್ಟಿರುತ್ತದೆ? ಆಹಾರ ಪಟ್ಟಿ ತೆರೆದರೆ ಉತ್ತರ ಸಿಕ್ಕಂತೆ ಕಾಣುತ್ತದೆ. ಅಮೆರಿಕದ ಪಟ್ಟಿಯಲ್ಲಿ 100 ಗ್ರಾಂ ಗಟ್ಟಿ ಗೋಧಿಗೆ 70 ಮೈಕ್ರೊಗ್ರಾಂನಷ್ಟು ಎಂದಿದೆ. 1980ಕ್ಕೆ ಮೊದಲಿನ ಫಿನ್ಲೆಂಡಿನಲ್ಲಿ ಬೆಳೆದ ಗೋಧಿಯನ್ನು ಅಳೆದಿದ್ದರೆ 100 ಗ್ರಾಂಗೆ 1 ಮೈಕ್ರೊಗ್ರಾಂ ಸಿಗುವುದೂ ಕಷ್ಟವಿತ್ತು. ಎರಡೂ ಒಳ್ಳೆಯ ಗೋಧಿ, ಎರಡೂ ರೋಗವಿಲ್ಲದ ಬೆಳೆ, ಎರಡರಿಂದಲೂ ಒಳ್ಳೆಯ ಬ್ರೆಡ್ ಆಗುತ್ತದೆ. ವ್ಯತ್ಯಾಸ 70 ಪಟ್ಟು. ನಮ್ಮಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕ ಬಹಳ ಶ್ರಮದ ಕೆಲಸ. ದೇಶವನ್ನು ಆರು ವಲಯ ಮಾಡಿ, 528 ಆಹಾರಗಳನ್ನು ಆಯ್ದು ತಂದು ಅಳೆದಿದ್ದಾರೆ, ಸೆಲೆನಿಯಮ್ಮನ್ನೂ ಸೇರಿಸಿ. ಆದರೂ ಸರಾಸರಿ ಎಂಬುದು ಸೆಲೆನಿಯಂ ವಿಷಯದಲ್ಲಿ ನಂಬಿ ಕೂರಬಹುದಾದ ಅಂಕಿಯಲ್ಲ. ಪಿಷ್ಟ ಎಷ್ಟು, ಪ್ರೋಟೀನ್ ಎಷ್ಟು ಎಂಬುದರಲ್ಲಿ ಗೋಧಿಯ ತಳಿಗೂ ಪಾಲಿದೆ. ಸೆಲೆನಿಯಂ ಎಷ್ಟು ಎಂಬುದನ್ನು ಹೇಳುವುದು ಹೊಲ.

ಗಿಡಕ್ಕೆ ಸೆಲೆನಿಯಂ ಬೇಕಾಗಿಯೇ ಇಲ್ಲ, ಕಾರಣ ಅಲ್ಲಿಂದ ಶುರುವಾಗುತ್ತದೆ. ಗೋಧಿಗೆ, ಭತ್ತಕ್ಕೆ, ರಾಗಿಗೆ ಸತುವು ಬೇಕು, ಕಬ್ಬಿಣ ಬೇಕು. ಅವು ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ, ರೈತರಿಗೆ ಗೊತ್ತಾಗುತ್ತದೆ. ಸೆಲೆನಿಯಂ ಇಲ್ಲದ ಮಣ್ಣಿನಲ್ಲಿ ಬೆಳೆ ನಳನಳಿಸುತ್ತದೆ, ಇಳುವರಿಯೂ ಬರುತ್ತದೆ. ಕೊರತೆಯನ್ನು ಪೈರು ತೋರಿಸಿಕೊಡುವುದಿಲ್ಲ. ತಿಂದ ಪ್ರಾಣಿ, ತಿಂದ ಮನುಷ್ಯ ತೋರಿಸಬೇಕು. ಬೇಡದ ಸೆಲೆನಿಯಂ ಗಿಡದೊಳಗೆ ಬರುವುದು ಗಂಧಕದ ಬಾಗಿಲಿನಿಂದ. ಎರಡೂ ಒಂದೇ ಮನೆತನದ ಧಾತುಗಳು, ರಸಾಯನಶಾಸ್ತ್ರದ ಕೋಷ್ಟಕದಲ್ಲಿ ಗಂಧಕದ ಕೆಳಗಿನ ಮನೆಯೇ ಸೆಲೆನಿಯಂನದು. ಅವಳಿ ಹುಡುಗರಲ್ಲಿ ಯಾರು ಯಾರೆಂದು ತಿಳಿಯದೆ ಹಾಜರಿ ಹಾಕುವ ಮೇಷ್ಟರ ಹಾಗೆ ಬೇರು ಸಲ್ಫೇಟ್ ಬಂದರೂ ಒಳಗೆ ಬಿಡುತ್ತದೆ, ಸೆಲೆನೇಟ್ ಬಂದರೂ ಬಿಡುತ್ತದೆ. ಒಳಗೆ ಹೋದ ಮೇಲೂ ಗುರುತು ಹಿಡಿಯುವವರಿಲ್ಲ. ಗಂಧಕ ಕೂರಬೇಕಾದ ಮೆಥಿಯೋನಿನ್ ಎಂಬ ಅಮೈನೊ ಆಮ್ಲದಲ್ಲಿ ಸೆಲೆನಿಯಂ ಕೂತು ಕಾಳಿನ ಪ್ರೋಟೀನಿನ ಭಾಗವೇ ಆಗಿಬಿಡುತ್ತದೆ. ಬುಲ್ಢಾಣಾದ ಗೋಧಿಯನ್ನು ತೊಳೆದರೂ ಪ್ರಯೋಜನವಾಗದಿದ್ದದ್ದು ಇದರಿಂದ. ಪ್ರೋಟೀನಿಗೆ ಅಂಟಿಕೊಂಡಿರುವುದರಿಂದಲೇ ಅಡುಗೆ ಎಣ್ಣೆಯಲ್ಲಿ ಸೆಲೆನಿಯಂ ಇರುವುದಿಲ್ಲವೆಂದರೂ ನಡೆಯುತ್ತದೆ. ಎಣ್ಣೆ ತೆಗೆದ ಹಿಂಡಿಯಲ್ಲಿ ಉಳಿಯುತ್ತದೆ. ಗೋಧಿಯ ತವುಡು ತೆಗೆದು ಮೈದಾ ಮಾಡಿದರೆ ಕಬ್ಬಿಣ, ಸತುವು ಹೋಗುವಷ್ಟು ಸೆಲೆನಿಯಂ ಹೋಗದಿರುವುದಕ್ಕೂ ಅದೇ ಕಾರಣ.

ಪಂಜಾಬಿನಲ್ಲಿ ಏನಾಯಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಹೋಶಿಯಾರ್‌ಪುರ, ನವಾಂಶಹರ್ ಜಿಲ್ಲೆಗಳು ಶಿವಾಲಿಕ್ ಬೆಟ್ಟದ ಬುಡದಲ್ಲಿವೆ. ಮಳೆಗಾಲದಲ್ಲಿ ಬೆಟ್ಟದಿಂದ ಹರಿದುಬರುವ ಹಳ್ಳಗಳಿಗೆ ಅಲ್ಲಿ ಚೋ ಎನ್ನುತ್ತಾರೆ. ಸೆಲೆನಿಯಂ ಇರುವ ಬೆಟ್ಟದ ಮಣ್ಣನ್ನು ಈ ಚೋಗಳು ತಂದು ಬಯಲಿಗೆ ಹಾಕಿವೆ. ಬರ್ವಾ, ಸಿಂಬ್ಲಿ, ಜೈನ್‌ಪುರದಂಥ ಹಳ್ಳಿಗಳ ಹೊಲಗಳಲ್ಲಿ ಚಳಿಗಾಲದ ಗೋಧಿ ಒಂದು ವಿಚಿತ್ರ ಲಕ್ಷಣ ತೋರುತ್ತಿತ್ತು. ಎಲೆ ಹಳದಿಗೆ ತಿರುಗುವುದಿಲ್ಲ, ಅಚ್ಚ ಬಿಳಿಯಾಗುತ್ತದೆ. ಮುಟ್ಟಿದರೆ ಹಸಿ ಎಲೆಯ ಮೆತುವಿಲ್ಲ, ಕಾಗದದ ಒರಟು. ಅದೇ ಹೊಲದ ಮೇವು ತಿಂದ ಎಮ್ಮೆಗಳ ಮೈಮೇಲಿನ ಕೂದಲು ಉದುರುತ್ತಿತ್ತು. ಗೊರಸಿನ ಬುಡದಲ್ಲಿ ಬಿರುಕು ಬಿಟ್ಟು, ಅದು ಅಗಲವಾಗುತ್ತ ಹೋಗಿ ಗೊರಸೇ ಕಳಚಿ ಬೀಳುತ್ತಿತ್ತು. ಎಮ್ಮೆ ಎದ್ದು ನಿಲ್ಲಲಾರದೆ ಕೊಟ್ಟಿಗೆಯಲ್ಲೇ ಬೀಳುತ್ತಿತ್ತು. ಮನುಷ್ಯರ ಉಗುರುಗಳೂ ವಿಕಾರವಾಗುತ್ತಿದ್ದವು. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಕೆ.ಎಸ್. ಧಿಲ್ಲೋನ್ ಮತ್ತು ಎಸ್.ಕೆ. ಧಿಲ್ಲೋನ್ ಮಣ್ಣು, ನೀರು, ಮೇವು, ಕಾಳು ಒಂದೊಂದನ್ನೂ ಅಳೆದು ಇದು ಸೆಲೆನಿಯಂ ವಿಷ ಎಂದು ತೋರಿಸಿದರು. ಇಂಥ ನೆಲ ಸಾವಿರ ಹೆಕ್ಟೇರಿನಷ್ಟಿದೆ. ಪಂಜಾಬಿನ ವಿಸ್ತಾರಕ್ಕೆ ಹೋಲಿಸಿದರೆ ಅದು ಒಂದು ಚುಕ್ಕೆ.

ಈ ಚುಕ್ಕೆಯ ಒಳಗಿನವರ ಊಟ ಮತ್ತು ಹೊರಗಿನವರ ಊಟವನ್ನು ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹೊರಗಿನ ಗಂಡಸರು ದಿನಕ್ಕೆ ತಿನ್ನುತ್ತಿದ್ದ ಸೆಲೆನಿಯಂ 65 ಮೈಕ್ರೊಗ್ರಾಂ, ಹೆಂಗಸರು 52. ಒಳಗಿನ ಗಂಡಸರು 632, ಹೆಂಗಸರು 475. ಅದೇ ರೊಟ್ಟಿ, ಅದೇ ದಾಲ್, ಅದೇ ಸಾಸಿವೆ ಸೊಪ್ಪಿನ ಸಾಗ್.

ಅಲ್ಲಿ ಭತ್ತ ಬಂದದ್ದು ಕಷ್ಟವನ್ನು ಹೆಚ್ಚಿಸಿತು. ಭತ್ತಕ್ಕೆ ಕೊಳವೆಬಾವಿಯಿಂದ ಎತ್ತಿ ಎತ್ತಿ ನೀರು ನಿಲ್ಲಿಸಬೇಕು. ಆ ನೀರಿನಲ್ಲೂ ಸೆಲೆನಿಯಂ ಇತ್ತು. ಪ್ರತಿ ಹಂಗಾಮಿನಲ್ಲೂ ಹೊಲಕ್ಕೆ ಇನ್ನಷ್ಟು ಸೇರಿತು. ಹಸಿರು ಕ್ರಾಂತಿಯ ಬಗ್ಗೆ ಬರೆಯುವಾಗ ಅಂತರ್ಜಲ ಕುಸಿದದ್ದನ್ನು ಎಲ್ಲರೂ ಬರೆಯುತ್ತಾರೆ. ಆ ನೀರು ತಳದಿಂದ ಮೇಲೆ ಏನೇನು ಹೊತ್ತು ತಂದಿತು ಎಂಬುದೂ ಅಷ್ಟೇ ಮುಖ್ಯ ಎಂದು ನನಗನಿಸುತ್ತದೆ.

ಮಣ್ಣಿನಲ್ಲಿ ಸೆಲೆನಿಯಂ ಇದ್ದ ಮಾತ್ರಕ್ಕೆ ಕಾಳಿಗೆ ಬರುತ್ತದೆ ಎಂದೂ ಇಲ್ಲ. ಗಾಳಿಯಾಡುವ, ಸುಣ್ಣದ ಅಂಶವಿರುವ ಕ್ಷಾರ ಮಣ್ಣಿನಲ್ಲಿ ಅದು ಸೆಲೆನೇಟ್ ರೂಪದಲ್ಲಿ ನೀರಿನೊಡನೆ ಸಲೀಸಾಗಿ ಓಡಾಡುತ್ತದೆ, ಬೇರಿಗೆ ಸಿಗುತ್ತದೆ. ಹುಳಿ ಮಣ್ಣಿನಲ್ಲಿ ಸೆಲೆನೈಟ್ ಆಗಿ ಕಬ್ಬಿಣದ ತುಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡು ಕೂರುತ್ತದೆ. ಇದೆ, ಆದರೆ ಗಿಡಕ್ಕೆ ದಕ್ಕುವುದಿಲ್ಲ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಇನ್ನೂ ಕರಗದ ರೂಪಕ್ಕೆ ಇಳಿಯುತ್ತದೆ. ಒಂದೇ ಹೊಲದ ಮುಂಗಾರಿನ ಭತ್ತಕ್ಕಿಂತ ಹಿಂಗಾರಿನ ಗೋಧಿ ಹೆಚ್ಚು ಸೆಲೆನಿಯಂ ಎಳೆದುಕೊಳ್ಳುವುದು ಇದರಿಂದ. ಬೆಳೆಯ ಜಾತಿಯೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ, ಕೋಸು ಗಂಧಕವನ್ನು ಹೆಚ್ಚು ಬಯಸುವ ಬೆಳೆಗಳು, ಹಾಗಾಗಿ ಮಣ್ಣಿನಲ್ಲಿದ್ದರೆ ಸೆಲೆನಿಯಮ್ಮನ್ನೂ ಹೆಚ್ಚು ಹೀರುತ್ತವೆ. ಮಣ್ಣಿನಲ್ಲೇ ಇಲ್ಲದಿದ್ದರೆ ಬೆಳ್ಳುಳ್ಳಿಯೂ ಬರಿಗೈ.

ಚೀನಾದಲ್ಲಿ ಈ ಮಣ್ಣಿನ ಆಟದ ಎರಡೂ ತುದಿಗಳಿವೆ. ಈಶಾನ್ಯದ ಹೈಲಾಂಗ್‌ಜಿಯಾಂಗ್ ಪ್ರಾಂತದ ಕೆಶಾನ್ ಎಂಬಲ್ಲಿ 1935ರಲ್ಲಿ ಒಂದು ಹೃದಯ ರೋಗ ಕಾಣಿಸಿಕೊಂಡಿತು. ಎಳೆ ಮಕ್ಕಳು ಮತ್ತು ಹೆರುವ ವಯಸ್ಸಿನ ಹೆಂಗಸರ ಹೃದಯ ಹಿಗ್ಗಿ, ಬಲಗುಂದಿ, ಸಾಯುತ್ತಿದ್ದರು. ಪೇಟೆಯವರಿಗೆ ಬರುತ್ತಿರಲಿಲ್ಲ, ತಾವು ಬೆಳೆದದ್ದನ್ನಷ್ಟೇ ತಿನ್ನುವ ರೈತ ಕುಟುಂಬಗಳಿಗೆ ಬರುತ್ತಿತ್ತು. ಆ ಮಣ್ಣಿನಲ್ಲಿ ಸೆಲೆನಿಯಂ ತೀರಾ ಕಡಿಮೆಯಿತ್ತು. 1974ರಲ್ಲಿ, ಅದೇ ರೋಗವಿದ್ದ ಸಿಚುವಾನ್‌ನ ಮಿಯಾನ್‌ನಿಂಗ್‌ನಲ್ಲಿ ಮಕ್ಕಳಿಗೆ ವಾರಕ್ಕೊಂದು ಸೋಡಿಯಂ ಸೆಲೆನೈಟ್ ಮಾತ್ರೆ ಕೊಟ್ಟು ನೋಡಿದರು. ಮಾತ್ರೆ ಪಡೆದ 4,510 ಮಕ್ಕಳಲ್ಲಿ 10 ಮಂದಿಗೆ ರೋಗ ಬಂತು. ಪಡೆಯದ 3,985 ಮಕ್ಕಳಲ್ಲಿ 54 ಮಂದಿಗೆ. ಮುಂದಿನ ವರ್ಷವೂ ಅಂತರ ಹಾಗೇ ಇತ್ತು. ಆಮೇಲೆ ಕೆಲವು ಮಕ್ಕಳಿಗೆ ಮಾತ್ರೆ ಕೊಡದೆ ಇಡುವುದು ಸರಿಯಲ್ಲವೆಂದು ಎಲ್ಲರಿಗೂ ಕೊಟ್ಟರು. ಆ ರೋಗದಲ್ಲಿ ಕಾಕ್ಸ್ಯಾಕಿ ವೈರಸ್ಸಿನ ಕೈವಾಡವೂ ಇದೆ ಎಂದು ಮುಂದೆ ತಿಳಿಯಿತು. ಸೆಲೆನಿಯಂ ಇಲ್ಲದ ದೇಹದಲ್ಲಿ ಆ ವೈರಸ್ ಉಗ್ರವಾಗುತ್ತದೆ.

ಹುಬೈ ಪ್ರಾಂತದ ಎನ್‌ಶಿಯಲ್ಲಿ ಇದರ ತದ್ವಿರುದ್ಧ. ಅಲ್ಲಿನ ನೆಲದಡಿಯ ಕಲ್ಲಿದ್ದಲಿನಲ್ಲಿ ಸೆಲೆನಿಯಂ ತುಂಬಿತ್ತು. ಅದು ಶಿಥಿಲಗೊಂಡು ಮಣ್ಣಿಗೆ ಬೆರೆಯಿತು. ಹೊಲಕ್ಕೆ ಸುಣ್ಣ ಹಾಕುವ ರೂಢಿ ಅಲ್ಲಿತ್ತು, ಸುಣ್ಣ ಬಿದ್ದ ಮಣ್ಣು ಸೆಲೆನಿಯಮ್ಮನ್ನು ಸಡಿಲ ಮಾಡಿ ಬೆಳೆಗೆ ಕೊಟ್ಟಿತು. ಅದರ ಮೇಲೆ ಬರಗಾಲ ಬಂದು ಭತ್ತ ಕೈಕೊಟ್ಟಿತು. ಜನ ಮೆಕ್ಕೆಜೋಳ ಮತ್ತು ಸೊಪ್ಪು ತರಕಾರಿಗೆ ಬಿದ್ದರು. 1961ರಿಂದ 64ರ ನಡುವೆ, ಅತಿ ಹೆಚ್ಚು ಬಾಧೆಗೊಳಗಾದ ಐದು ಹಳ್ಳಿಗಳ 248 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಕೂದಲು, ಉಗುರು ಉದುರಿದವು. ಯಾಂಗ್ ಗುವಾಂಗ್‌ಚಿ ಮತ್ತು ಸಂಗಡಿಗರು 1983ರಲ್ಲಿ ಈ ಊರುಗಳ ಊಟವನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಕೆಶಾನ್ ರೋಗದ ಸೀಮೆಯಲ್ಲಿ ದಿನಕ್ಕೆ 11 ಮೈಕ್ರೊಗ್ರಾಂ. ಬೀಜಿಂಗ್‌ನಲ್ಲಿ 116. ಎನ್‌ಶಿಯಲ್ಲಿ ಸರಾಸರಿ 4,990. ಬುಲ್ಢಾಣಾದ ಚಪಾತಿಗೆ ನಾನು ಮೇಲೆ ಹಾಕಿದ ಲೆಕ್ಕ ಈ ಕೊನೆಯ ಅಂಕಿಯ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಬಾವಸ್ಕರ್ ಅವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಈ ಹೊಂದಿಕೆಗಾಗಿ.

ದೇಹಕ್ಕೆ ಸೆಲೆನಿಯಂ ಏಕೆ ಬೇಕು ಎಂಬುದನ್ನು ಚುಟುಕಾಗಿ ಹೇಳಬೇಕೆಂದರೆ, ನಮ್ಮ ಜೀನ್‌ಗಳು ರೂಪಿಸುವ 25 ಪ್ರೋಟೀನ್‌ಗಳು ಸೆಲೆನಿಯಂ ಇಲ್ಲದೆ ತಯಾರಾಗುವುದಿಲ್ಲ. ಜೀವಕೋಶದ ಪೊರೆ ಸುಡದಂತೆ ಕಾಯುವ ಕಿಣ್ವ ಅವುಗಳಲ್ಲೊಂದು. ಥೈರಾಯ್ಡ್ ಗ್ರಂಥಿಯ ಹಾರ್ಮೋನನ್ನು ದೇಹ ಬಳಸಿಕೊಳ್ಳುವ ರೂಪಕ್ಕೆ ತಿರುಗಿಸುವ ಕಿಣ್ವಗಳೂ ಇವೇ. ಕರು ಹಾಕಿದ ಹಸುವಿಗೆ ಕಸ ಬೀಳದೆ ಉಳಿಯುವುದಕ್ಕೆ ಸೆಲೆನಿಯಂ ಕೊರತೆಯೂ ಒಂದು ಕಾರಣವೆಂದು ಪಶುವೈದ್ಯರಿಗೆ ಗೊತ್ತು.

ಪ್ರಾಣಿಗೆ ಅದು ಬೇಕಾದದ್ದಾದ್ದರಿಂದ ಪ್ರಾಣಿಯ ಮೈ ಸೆಲೆನಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಹೀಗಾಗಿ ಮೊಟ್ಟೆ, ಮೀನು, ಮಾಂಸದಲ್ಲಿ ಕಾಳುಗಳಷ್ಟು ಏರುಪೇರು ಇರುವುದಿಲ್ಲ. ಫಾರಂ ಕೋಳಿಯ ಆಹಾರಕ್ಕೆ ಸೆಲೆನಿಯಂ ಬೆರೆಸಿಯೇ ಕೊಡುವುದರಿಂದ ದೊಡ್ಡದೊಂದು ಮೊಟ್ಟೆಯಲ್ಲಿ 15 ಮೈಕ್ರೊಗ್ರಾಂ ಆಸುಪಾಸು ಸಿಗುತ್ತದೆ. ಸಮುದ್ರದ ಮೀನಿಗಂತೂ ಹೊಲದ ಹಂಗೇ ಇಲ್ಲ. ಮೂರು ಹೊತ್ತೂ ಕಾಳನ್ನೇ ನೆಚ್ಚಿದವರ ದೇಹ ಮಾತ್ರ ಒಂದು ಹೊಲದ ಮೇಲೆ ನಿಂತಿರುತ್ತದೆ. ಕೆಶಾನ್‌ನಲ್ಲೂ ಎನ್‌ಶಿಯಲ್ಲೂ ಬುಲ್ಢಾಣಾದಲ್ಲೂ ಪೆಟ್ಟು ಬಿದ್ದದ್ದು ಬಡವರಿಗೆ. ಇದು ಆಕಸ್ಮಿಕವಲ್ಲ. ನಾಲ್ಕು ಕಡೆಯ ಪದಾರ್ಥ ಕೊಂಡು ತಿನ್ನುವ ಶಕ್ತಿ ಇರುವವರ ತಟ್ಟೆಯಲ್ಲಿ ಒಂದು ಮಣ್ಣಿನ ಹೆಚ್ಚನ್ನು ಇನ್ನೊಂದು ಮಣ್ಣಿನ ಕಡಿಮೆ ಸರಿದೂಗಿಸುತ್ತದೆ.

ಬ್ರಿಟನ್ನಿನವರು ಇದನ್ನು ಅರಿವಿಲ್ಲದೆಯೇ ಅನುಭವಿಸಿದರು. ದಶಕಗಳ ಕಾಲ ಅವರ ಬ್ರೆಡ್ಡು ಕೆನಡಾ, ಅಮೆರಿಕದ ಗೋಧಿಯದು. ಯುರೋಪಿನ ಮಾರುಕಟ್ಟೆ ಒಕ್ಕೂಟ ಸೇರಿದ ಮೇಲೆ ಯುರೋಪಿನ ಗೋಧಿಗೆ ತಿರುಗಿಕೊಂಡರು. ಬ್ರೆಡ್ಡಿನ ರುಚಿ ಬದಲಾಗಲಿಲ್ಲ. ಆದರೆ 1970ರ ದಶಕದಲ್ಲಿ ದಿನಕ್ಕೆ 60 ಮೈಕ್ರೊಗ್ರಾಂನಷ್ಟಿದ್ದ ಸೆಲೆನಿಯಂ 1990ರ ದಶಕಕ್ಕೆ 35ರ ಆಸುಪಾಸಿಗೆ ಇಳಿದಿತ್ತು. ಒಂದು ವ್ಯಾಪಾರ ಒಪ್ಪಂದ ಇಡೀ ದೇಶದ ರಕ್ತದಲ್ಲಿ ಕಾಣಿಸಿತು.

ಫಿನ್ಲೆಂಡಿನವರು ಕಣ್ಣು ತೆರೆದೇ ಹೆಜ್ಜೆಯಿಟ್ಟರು. ಅವರ ಮಣ್ಣು ಹುಳಿ, ಕಬ್ಬಿಣ ಹೆಚ್ಚು, ಸೆಲೆನಿಯಂ ದಕ್ಕದು. 1970ರ ದಶಕದ ನಡುವಿನಲ್ಲಿ ಅವರ ಊಟದಲ್ಲಿದ್ದದ್ದು 25 ಮೈಕ್ರೊಗ್ರಾಂ. ಜನರಿಗೆ ಮಾತ್ರೆ ಹಂಚುವ ಬದಲು ಅವರು ರಸಗೊಬ್ಬರಕ್ಕೇ ಸೋಡಿಯಂ ಸೆಲೆನೇಟ್ ಬೆರೆಸಲು ನಿರ್ಧರಿಸಿದರು. 1984ರಿಂದ ಆ ಗೊಬ್ಬರ ತಯಾರಾಯಿತು. ಧಾನ್ಯದ ಬೆಳೆಗೆ ಕಿಲೋ ಗೊಬ್ಬರಕ್ಕೆ 16 ಮಿಲಿಗ್ರಾಂ, ಮೇವಿಗೆ 6. ಕೆಲವೇ ವರ್ಷಗಳಲ್ಲಿ ಊಟದ ಸೆಲೆನಿಯಂ 100 ಮೈಕ್ರೊಗ್ರಾಂ ದಾಟಿತು. ಗುರಿಗಿಂತ ಹೆಚ್ಚಾಯಿತೆಂದು 1990ರಲ್ಲಿ ಎಲ್ಲಕ್ಕೂ 6 ಎಂದು ಇಳಿಸಿದರು. ಕಡಿಮೆಯಾಯಿತೆನಿಸಿದಾಗ 1998ರಲ್ಲಿ 10ಕ್ಕೆ ಏರಿಸಿದರು. ನನಗೆ ಇದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಗೊಬ್ಬರಕ್ಕಿಂತ ಆ ಏರಿಳಿತ. ಹಿಟ್ಟು, ಹಾಲು, ಮಾಂಸ, ಜನರ ರಕ್ತ ಎಲ್ಲವನ್ನೂ ವರ್ಷ ವರ್ಷವೂ ಅಳೆಯುತ್ತ ಬಂದವರು ಮಾತ್ರ ಹೀಗೆ ಕೈ ಹಿಂದೆ ತೆಗೆಯಬಲ್ಲರು, ಮುಂದೆ ಚಾಚಬಲ್ಲರು. ಹೊಲಕ್ಕೆ ಹಾಕುವುದರಲ್ಲಿ ಇನ್ನೊಂದು ರಕ್ಷಣೆಯೂ ಇದೆ, ಗಿಡದ ಮೂಲಕ ಬಂದದ್ದನ್ನು ಒಬ್ಬನೇ ಒಂದೇ ದಿನ ಅಳತೆ ಮೀರಿ ತಿನ್ನುವುದು ಕಷ್ಟ. ಮಾತ್ರೆಗೆ ಆ ಕಡಿವಾಣವಿಲ್ಲ. ಅಮೆರಿಕ, ಕೆನಡಾದಲ್ಲಿ 35,533 ಗಂಡಸರ ಮೇಲೆ ನಡೆದ ದೊಡ್ಡ ಪ್ರಯೋಗ, ದಿನಕ್ಕೆ 200 ಮೈಕ್ರೊಗ್ರಾಂ ಮಾತ್ರೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೇ ಎಂದು ನೋಡಲು ಹೊರಟದ್ದು, ಪ್ರಯೋಜನ ಕಾಣದೆ 2008ರಲ್ಲಿ ನಿಂತಿತು. ಕೂದಲು ಉದುರುತ್ತದೆಂದು ಔಷಧ ಅಂಗಡಿಯಲ್ಲಿ ಸೆಲೆನಿಯಂ ಮಾತ್ರೆ ಕೇಳುವವರು ಎನ್‌ಶಿಯನ್ನು ನೆನೆಯಲಿ. ಅದು ಹೆಚ್ಚಾದರೂ ಉದುರುವುದು ಕೂದಲೇ.

ಕರ್ನಾಟಕದ ರೈತರಿಗೆ ಹತ್ತಿರವಾಗಬೇಕಾದ ಅಧ್ಯಯನವೊಂದು ಆಫ್ರಿಕಾದ ಮಲಾವಿಯಿಂದ 2013ರಲ್ಲಿ ಬಂತು. ಅಲ್ಲಿ ಎಲ್ಲರ ಊಟವೂ ಮೆಕ್ಕೆಜೋಳವೇ. ಕಪ್ಪು ಎರೆಮಣ್ಣಿನ ಊರಿನ ಹೆಂಗಸರ ಊಟದಲ್ಲಿ ದಿನಕ್ಕೆ 55 ಮೈಕ್ರೊಗ್ರಾಂ ಸೆಲೆನಿಯಂ ಇತ್ತು. ಹುಳಿ ಮಣ್ಣಿನ ಊರಿನ ಹೆಂಗಸರ ಊಟದಲ್ಲಿ 6.5. ನಮ್ಮ ಧಾರವಾಡ, ಗದಗ, ವಿಜಯಪುರ, ರಾಯಚೂರಿನ ಎರೆಭೂಮಿ ಅದೇ ವರ್ಗದ ಮಣ್ಣು: ಸುಣ್ಣದ ಅಂಶವಿರುವ, ಬೇಸಿಗೆಯಲ್ಲಿ ಬಾಯಿ ಬಿಡುವ ಕಪ್ಪು ಮಣ್ಣು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ನೆಲ ಮಳೆಗೆ ತೊಳೆದು ತೊಳೆದು ಹುಳಿಯಾದದ್ದು, ಕಬ್ಬಿಣದಿಂದ ಕೆಂಪಾದದ್ದು. ಹಳೆ ಮೈಸೂರಿನ ರಾಗಿ ಹೊಲಗಳ ಕೆಂಪು ಮಣ್ಣು ಇವೆರಡರ ನಡುವಿನದು. ಒಂದೇ ರಾಜ್ಯದೊಳಗೆ ಸೆಲೆನಿಯಂನ ಇಷ್ಟು ಭಿನ್ನ ವರ್ತನೆಗೆ ನೆಲೆಯಿರುವಾಗ ಜೋಳಕ್ಕೊಂದು, ರಾಗಿಗೊಂದು ಸರಾಸರಿ ಅಂಕಿ ಹೇಳಿ ಸುಮ್ಮನಾಗುವುದು ಸಾಲದು.

ಇದಕ್ಕೆ ದಾರಿಗಳಿವೆ. ಸೆಲೆನಿಯಂ ಹೆಚ್ಚಿರುವ ಹೊಲಕ್ಕೆ ಜಿಪ್ಸಂ ಹಾಕಿದರೆ ಬೇರಿನ ಬಾಗಿಲಲ್ಲಿ ಸಲ್ಫೇಟಿನ ನೂಕುನುಗ್ಗಲಾಗಿ ಸೆಲೆನೇಟ್ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಪಂಜಾಬಿನ ಹೊಲಗಳಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಅಂಥ ಹೊಲದ ಗೋಧಿ ಬೇರೆ ಗೋಧಿಯೊಡನೆ ಬೆರೆತರೆ ವಿಷ ತೆಳುವಾಗುತ್ತದೆ. ದೊಡ್ಡ ಉಗ್ರಾಣಗಳಲ್ಲಿ ಹೀಗೆ ಬೆರೆಯುವುದೇ ಇಷ್ಟು ವರ್ಷ ಎಲ್ಲರನ್ನೂ ಕಾಯುತ್ತ ಬಂದಿರಬೇಕು. ಆದರೆ ಬೆರೆಯದ ಒಂದು ಲೋಡು ನೇರವಾಗಿ ಒಂದು ತಾಲ್ಲೂಕಿನ ನ್ಯಾಯಬೆಲೆ ಅಂಗಡಿಗಳಿಗೆ ಇಳಿದರೆ ಏನಾಗಬಹುದು ಎಂಬುದಕ್ಕೆ ಬುಲ್ಢಾಣಾ ಎಚ್ಚರಿಕೆಯಾಗಬೇಕು. ಉಗ್ರಾಣಕ್ಕೆ ಬರುವ ಧಾನ್ಯದಲ್ಲಿ ತೇವ ಎಷ್ಟು, ಮುರುಕು ಕಾಳು ಎಷ್ಟು, ಹುಳು ಹಿಡಿದಿದೆಯೇ ಎಂದು ನೋಡುತ್ತಾರೆ. ಶಿವಾಲಿಕ್ ಬುಡದ ಆ ಸಣ್ಣ ಪಟ್ಟಿಯಿಂದ ಬರುವ ಗೋಧಿಗಾದರೂ ಸೆಲೆನಿಯಂ ಪರೀಕ್ಷೆ ಕಡ್ಡಾಯವಾಗಬೇಕು. ಸಾವಿರ ಹೆಕ್ಟೇರು ಗುರುತಿಸಿದ ನೆಲ, ಅಡ್ರೆಸ್ ಗೊತ್ತಿರುವ ಹಳ್ಳಿಗಳು. ಇದು ಆಗದ ಕೆಲಸವಲ್ಲ. ಅಲ್ಲಿನ ರೈತರಿಗೆ ಆ ಕಾರಣಕ್ಕೆ ಬೆಲೆ ಕಡಿಮೆಯಾಗದಂತೆ ನೋಡಿಕೊಳ್ಳುವುದೂ ಅದರ ಭಾಗವೇ. ಅವರ ಎಮ್ಮೆ, ಅವರ ಉಗುರು ಈಗಾಗಲೇ ಬೆಲೆ ತೆತ್ತಿವೆ.

ನಮ್ಮ ರಾಜ್ಯದ ಪಡಿತರದಲ್ಲಿ ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರದ ಜಿಲ್ಲೆಗಳಿಗೆ ಜೋಳ ಕೊಡುತ್ತಾರೆ. ಇವನ್ನು ಇಲ್ಲಿನ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳುತ್ತಾರೆ. ಅಂದರೆ ಎರೆಭೂಮಿಯ ಕಾಳು ಎರೆಭೂಮಿಯವರಿಗೆ, ಕೆಂಪು ಮಣ್ಣಿನ ಕಾಳು ಕೆಂಪು ಮಣ್ಣಿನವರಿಗೆ. ರೈತರ ಕೈಯಲ್ಲಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತುವು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಎಲ್ಲವೂ ಬೆಳೆಗೆ ಏನು ಬೇಕು, ಬೆಳೆ ಹೇಗೆ ಬಂದೀತು ಎಂಬ ಲೆಕ್ಕದವು. ಬೆಳೆಗೆ ಬೇಡದ, ತಿನ್ನುವವರಿಗೆ ಬೇಕಾದ ಸೆಲೆನಿಯಂ ಅದರಲ್ಲಿಲ್ಲ. ಪ್ರತಿ ಹೊಲದಲ್ಲೂ ಅಳೆಯಬೇಕೆಂದು ಯಾರೂ ಕೇಳುತ್ತಿಲ್ಲ. ಬೆಂಬಲ ಬೆಲೆಯ ಖರೀದಿ ಕೇಂದ್ರಕ್ಕೆ ರಾಗಿ, ಜೋಳ ಬಂದಾಗ ತಾಲ್ಲೂಕಿಗೆ ಇಷ್ಟು ಚೀಲದಿಂದ ಒಂದೊಂದು ಹಿಡಿ ಕಾಳು ತೆಗೆದಿಟ್ಟು, ಊರಿನ ಹೆಸರು, ಮಣ್ಣಿನ ಬಗೆ ಬರೆದು, ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಪ್ರಯೋಗಾಲಯಕ್ಕೆ ಕಳಿಸಿದರೆ ಎರಡೇ ಹಂಗಾಮಿನಲ್ಲಿ ರಾಜ್ಯದ ನಕ್ಷೆ ಸಿದ್ಧವಾಗುತ್ತದೆ. ಮುಂದಿನ ಖರೀದಿ ಹಂಗಾಮಿಗೇ ಅದನ್ನು ಶುರು ಮಾಡಬಹುದು.